ಮನೆಯ ಹೊರಗಿನ ದೀಪ

ಕಳೆದ ವರ್ಷ ದೀಪಾವಳಿಗೆ ಇನ್ನೂ ಒಂದು ವಾರವಿರುವಾಗಲೇ ಮುಂಬಯಿಯ ನಮ್ಮ ಸರ್ಕಾರಿ ವಸತಿಗೃಹದ 32 ಬಾಲ್ಕನಿಗಳ ಪೈಕಿ 31ರಲ್ಲಿ ದೀಪಗಳು ತೂಗುತ್ತಿದ್ದವು. ಕತ್ತಲಾಗಿ ಉಳಿದದ್ದು ನಮ್ಮದೊಂದೇ. ತಂದೆಯವರು ಶ್ರಾವಣದಲ್ಲಿ ತೀರಿಕೊಂಡಿದ್ದರು. ವರ್ಷಾಬ್ದಿಕ ಮುಗಿಯುವವರೆಗೆ ಮನೆಯಲ್ಲಿ ಹಬ್ಬವಿಲ್ಲ ಎಂಬುದು ನಮ್ಮ ಕಡೆಯ ರೂಢಿ. ಅದನ್ನು ಪ್ರಶ್ನಿಸುವ ಮನಸ್ಸು ನನಗೂ ಇರಲಿಲ್ಲ.

ಉತ್ಸವ ಸಮಿತಿಯ ಕಾರ್ಯದರ್ಶಿಗಳು ಒಂದು ಸಂಜೆ ಬಾಗಿಲು ತಟ್ಟಿದರು. ಸಜ್ಜನರು; ನಾಲ್ಕನೆಯ ಮಹಡಿಯವರು. ಆವರಣದ ಕಟ್ಟಡಗಳ ನಡುವೆ ದೀಪಾಲಂಕಾರದ ಸ್ಪರ್ಧೆಯಿತ್ತು. ‘ಎಲ್ಲರದೂ ಆಯಿತು, ನಿಮ್ಮದೊಂದು ಬಾಕಿ’ ಎಂದು ನಗುತ್ತಲೇ ಒಳಗೆ ಬಂದವರು, ಗೋಡೆಯ ಮೇಲೆ ಹಾರ ಹಾಕಿದ್ದ ಭಾವಚಿತ್ರವನ್ನು ಕಂಡು ಮಾತು ನಿಲ್ಲಿಸಿದರು. ಕೈಮುಗಿದು ಹೊರಟುಹೋದರು. ಅವರು ಹೋದ ಮೇಲೆ ಒಳಕೋಣೆಯಿಂದ ಅಮ್ಮ ಕೇಳಿದರು: ‘ಹೊರಗಿನ ದೀಪ ಯಾರಿಗೆ ಅಂತ ಇಡುವುದು, ಗೊತ್ತುಂಟ ನಿನಗೆ?’

‘ಹಬ್ಬಕ್ಕೆ’ ಎಂದೆ. ಅಮ್ಮ ಮತ್ತೇನೂ ಹೇಳಲಿಲ್ಲ. ಆದರೆ ನನ್ನ ಉತ್ತರ ಪ್ರಶ್ನೆಗೆ ಸರಿಹೊಂದುವುದಲ್ಲವೆಂದು ನನಗೇ ಅನ್ನಿಸಿತು. ಅವರು ಕೇಳಿದ್ದು ಏತಕ್ಕೆ ಎಂದಲ್ಲ, ಯಾರಿಗೆ ಎಂದು. ದೇವರ ಮುಂದಿನ ದೀಪ ದೇವರಿಗೆ; ಓದುವ ಮೇಜಿನ ದೀಪ ಓದುವವನಿಗೆ. ಮನೆಯ ಹೊರಗೆ ತೂಗುವ ದೀಪದ ಬೆಳಕು ಮನೆಯವರಿಗೆ ಕಾಣುವುದೇ ಇಲ್ಲ. ಅದು ಹೊರಗಿರುವ ಇನ್ಯಾರಿಗೋ ಹೇಳಿದ ಮಾತು. ಯಾರಿಗೆ? ಆ ವಾರವೂ ಆಮೇಲೂ ಇದರ ಸುತ್ತ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ದೊರೆಯುವ ಹಳೆಯ ಉತ್ತರಗಳಲ್ಲೊಂದು, ಹೋದವರಿಗೆ ಎಂಬುದು. ಭಾದ್ರಪದದ ಕೃಷ್ಣಪಕ್ಷದಲ್ಲಿ, ಮಹಾಲಯದ ದಿನಗಳಲ್ಲಿ, ಪಿತೃಗಳು ಭೂಮಿಗೆ ಬರುತ್ತಾರೆ. ತಿಂಗಳು ಕಳೆದು ದೀಪಾವಳಿಯ ಅಮಾವಾಸ್ಯೆಯ ಹೊತ್ತಿಗೆ ಮರಳುತ್ತಾರೆ. ಚಂದ್ರನಿಲ್ಲದ ಆ ರಾತ್ರಿಯಲ್ಲಿ ಅವರಿಗೆ ದಾರಿ ಕಾಣಬೇಕು ಎಂಬುದು ನಂಬಿಕೆ. ಅಂದು ಪಂಜನ್ನು ಎತ್ತಿ ಹಿಡಿದು ಪಿತೃಗಳಿಗೆ ದಾರಿ ತೋರಿಸುವ ವಿಧಿಗೆ ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಉಲ್ಕಾದಾನವೆಂಬ ಹೆಸರಿದೆ. ಕಾರ್ತಿಕದಲ್ಲಿ ಎತ್ತರದ ಕಂಬದ ತುದಿಗೆ ಏರಿಸುವ ಆಕಾಶದೀಪ ಇದೇ ಬಳಗಕ್ಕೆ ಸೇರಿದ್ದು. ಕಾಶಿಯ ಘಟ್ಟಗಳಲ್ಲಿ ಇಂದಿಗೂ ಕಾರ್ತಿಕ ಮಾಸದ ಸಂಜೆಗಳಲ್ಲಿ ಬಿದಿರ ಗಳುಗಳ ತುದಿಗೆ ಪುಟ್ಟ ಬುಟ್ಟಿಗಳಲ್ಲಿ ಹಣತೆಗಳನ್ನಿಟ್ಟು ಏರಿಸುತ್ತಾರೆ. ಒಡಿಶಾದಲ್ಲಿ ದೀಪಾವಳಿಯ ರಾತ್ರಿ ಮನೆಮಂದಿಯೆಲ್ಲ ಅಂಗಳಕ್ಕೆ ಬಂದು, ಸೆಣಬಿನ ಕಡ್ಡಿಗಳನ್ನು ಹೊತ್ತಿಸಿ ಆಕಾಶದತ್ತ ಹಿಡಿದು, ಹಿರಿಯರನ್ನು ಕೂಗಿ ಕರೆದು ಬೀಳ್ಕೊಡುತ್ತಾರೆ. ಬಂಗಾಳದಲ್ಲಿ ಹಿಂದಿನ ದಿನ ಹದಿನಾಲ್ಕು ತಲೆಮಾರಿನ ಹೆಸರಿನಲ್ಲಿ ಹದಿನಾಲ್ಕು ದೀಪ.

ತುಳುನಾಡಿನಲ್ಲಿ ದೀಪಾವಳಿಗೆ ಪರ್ಬವೆಂದಷ್ಟೇ ಹೆಸರು. ಅಲ್ಲಿಯೂ ಆ ದಿನಗಳಲ್ಲಿ ಸತ್ತವರಿಗೆ ಬಡಿಸುವ ಪದ್ಧತಿಯಿದೆ. ಗದ್ದೆಯಲ್ಲೋ ಅಂಗಳದಲ್ಲೋ ದೀಪವಿಟ್ಟು, ರಾಜ್ಯ ಕಳೆದುಕೊಂಡು ಪಾತಾಳಕ್ಕೆ ಹೋದ ಬಲೀಂದ್ರನನ್ನು ಕೂಗಿ ಕರೆಯುವ ಆಚರಣೆಯಿದೆ. ಅವನೂ ವರ್ಷಕ್ಕೊಮ್ಮೆ ಬಂದು ಹೋಗುವವನೇ. ಮಲೆನಾಡಿನಲ್ಲಿ ಅಂಟಿಗೆ ಪಂಟಿಗೆಯವರು ಆರದಂತೆ ಕಾಪಾಡಿದ ದೀಪವನ್ನು ಹಿಡಿದು ರಾತ್ರಿಯಿಡೀ ಮನೆಯಿಂದ ಮನೆಗೆ ಹಾಡುತ್ತ ನಡೆಯುತ್ತಾರೆ. ಪ್ರತಿ ಮನೆಯವರೂ ಅದಕ್ಕೆ ಎಣ್ಣೆ ಎರೆಯುತ್ತಾರೆ. ಎಲ್ಲ ಕಡೆಯೂ ದೀಪಾವಳಿಯ ಹೊರಗಿನ ದೀಪಕ್ಕೆ ಒಂದು ದಾರಿಯ ಕಲ್ಪನೆ ಅಂಟಿಕೊಂಡಿದೆ. ಯಾರೋ ಕತ್ತಲೆಯಲ್ಲಿ ನಡೆಯುತ್ತಿದ್ದಾರೆ, ಅವರಿಗೆ ಕಾಣಲಿ.

ಈ ದೀಪದ ಹೆಸರುಗಳೂ ದಾರಿ ನಡೆದು ಬಂದವುಗಳೇ. ನಮ್ಮ ಕುಂದಾಪುರದ ಕಡೆ ಇದು ಗೂಡುದೀಪ. ಉತ್ತರ ಕರ್ನಾಟಕದಲ್ಲಿ ಆಕಾಶಬುಟ್ಟಿ. ಮುಂಬಯಿಯ ಮರಾಠಿಯಲ್ಲಿ ಆಕಾಶ ಕಂದೀಲ. ಕಂದೀಲು ಎಂಬ ಮಾತು ಕನ್ನಡಕ್ಕೂ ಹೊಸದಲ್ಲ. ಲಾಟೀನಿಗೆ ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ಅದನ್ನೇ. ಅರಬ್ಬಿಯ ಕಿಂದೀಲ್ ಎಂಬುದರಿಂದ ಬಂದ ಈ ಮಾತು, ಅಲ್ಲಿಗೆ ಗ್ರೀಕಿನ ಮೂಲಕ ಲ್ಯಾಟಿನ್ನಿನ ಕಾಂದೇಲಾದಿಂದ ಹೋದದ್ದು. ಇಂಗ್ಲಿಷಿನ ಕ್ಯಾಂಡಲ್ ಕೂಡ ಅದೇ ಬೇರಿನದು. ಮಾಹಿಮ್‌ನ ಕಂದೀಲು ಗಲ್ಲಿಯಲ್ಲಿ ಬಿದಿರ ಸೀಳುಗಳಿಗೆ ಬಣ್ಣದ ಕಾಗದ ಅಂಟಿಸಿ ಮಾರುವವರೂ, ರೋಮಿನ ಕಾಲದಲ್ಲಿ ಮೇಣದ ಬತ್ತಿ ಹೊಸೆಯುತ್ತಿದ್ದವರೂ ಒಂದೇ ಶಬ್ದದ ಎರಡು ತುದಿಗಳಲ್ಲಿದ್ದಾರೆ.

ಮನೆಯೊಂದರ ದೀಪ ಊರಿನ ದೀಪವಾದಾಗ ಏನಾಗುತ್ತದೆ? ಹದಿನೈದನೆಯ ಶತಮಾನದ ಆರಂಭದಲ್ಲಿ ವೆನಿಸ್ಸಿನ ವರ್ತಕ ನಿಕೊಲೊ ಕಾಂಟಿ ವಿಜಯನಗರಕ್ಕೆ ಬಂದಿದ್ದ. ಅವನ ಪ್ರವಾಸದ ವಿವರಗಳನ್ನು ಪೋಪನ ಕಾರ್ಯದರ್ಶಿಯಾಗಿದ್ದ ಪೊಜ್ಜಿಯೊ ಬ್ರಾಚಿಯೊಲಿನಿ ಲ್ಯಾಟಿನ್ನಿನಲ್ಲಿ ಬರೆದಿಟ್ಟ. ವಿಜಯನಗರದ ಹಬ್ಬಗಳನ್ನು ಹೇಳುವಾಗ ಕಾಂಟಿ, ದೇವಾಲಯಗಳ ಒಳಗೂ ಹೊರಗೆ ಮಾಡುಗಳ ಮೇಲೂ ಎಣಿಕೆಗೆ ಸಿಗದಷ್ಟು ಎಣ್ಣೆಯ ದೀಪಗಳನ್ನಿಟ್ಟು ಹಗಲೂ ರಾತ್ರಿಯೂ ಉರಿಸುವ ಹಬ್ಬವೊಂದನ್ನು ನೆನೆಯುತ್ತಾನೆ. ನಮ್ಮ ಶಾಸನಗಳಲ್ಲಿ ನಂದಾದೀವಿಗೆಗೆ ಬಿಟ್ಟ ಭೂಮಿಯ, ಎಣ್ಣೆಯ, ಗಾಣದ ವಿವರಗಳು ಹೇರಳವಾಗಿವೆ. ಆದರೆ ಅವು ಗರ್ಭಗುಡಿಯ ಒಳಗಿನ ಬೆಳಕು. ಕಾಂಟಿಯ ಕಣ್ಣು ಹೊರಗಿನ ಮಾಡಿನ ಮೇಲೆ ನಿಂತಿತು. ಅಪರಿಚಿತನಾಗಿ ಬಂದ ಅವನಿಗೆ ಮೊದಲು ಕಂಡದ್ದು ಅದೇ ಇರಬೇಕು.

ಇಂಥ ನಗರ ದೀಪೋತ್ಸವಗಳಲ್ಲಿ ದೀಪದ ಮುಖ ಪಿತೃಗಳಿಂದ ಅರಸನತ್ತ, ಜನಸಮೂಹದತ್ತ ತಿರುಗುತ್ತದೆ. ಹೊರಗಿನ ದೀಪ ಆಗ ನಿಷ್ಠೆಯ ಗುರುತಾಗುತ್ತದೆ. ಗುರುತಾದದ್ದು ಬೇಗನೆ ಕಡ್ಡಾಯವಾಗುತ್ತದೆ. ಇದಕ್ಕೆ ನಾನು ಕಂಡ ಅತ್ಯಂತ ಕಠೋರವಾದ ಉದಾಹರಣೆ ಲಂಡನ್ನಿನದು. ಅದರ ನಾಯಕ ನಮಗೆ ತೀರ ಅಪರಿಚಿತನೂ ಅಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತವನ್ನು ಕೈಗೆತ್ತಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಆದ, ನೆಪೋಲಿಯನ್ನನನ್ನು ಸೋಲಿಸಿದ, ಬ್ರಿಟನ್ನಿನ ಪ್ರಧಾನಿಯೂ ಆದ.

ಆ ಕಾಲದ ಲಂಡನ್ನಿನಲ್ಲಿ ಯುದ್ಧದ ಗೆಲುವಿಗೋ ರಾಜಕೀಯದ ಗೆಲುವಿಗೋ ಊರೆಲ್ಲ ಕಿಟಕಿಗಳಲ್ಲಿ ಮೇಣದ ಬತ್ತಿ ಹಚ್ಚುವ ಪದ್ಧತಿಯಿತ್ತು. ಹಚ್ಚದ ಮನೆಯ ಗಾಜಿಗೆ ಕಲ್ಲು ಬೀಳುತ್ತಿತ್ತು. ಹೀಗಾಗಿ ಸಂತೋಷವಿಲ್ಲದವರೂ ಗಾಜು ಉಳಿಸಿಕೊಳ್ಳಲು ಬತ್ತಿ ಹಚ್ಚುತ್ತಿದ್ದರು. 1831ರ ಏಪ್ರಿಲ್‌ನಲ್ಲಿ ಮತದಾನದ ಹಕ್ಕನ್ನು ವಿಸ್ತರಿಸುವ ಸುಧಾರಣಾ ಮಸೂದೆಗಾಗಿ ಸಂಸತ್ತು ವಿಸರ್ಜನೆಯಾದಾಗ, ಸುಧಾರಣೆಯ ಪರವಾಗಿದ್ದ ನಗರ 27ನೆಯ ತಾರೀಖಿನ ರಾತ್ರಿ ದೀಪ ಬೆಳಗಿತು. ವೆಲಿಂಗ್ಟನ್ ಸುಧಾರಣೆಯ ಕಡುವಿರೋಧಿ. ಅವನ ನಿವಾಸವಾದ ಆಪ್ಸ್‌ಲಿ ಹೌಸ್ ಕತ್ತಲಲ್ಲಿತ್ತು. ಗುಂಪು ನೆರೆದು ಕಿಟಕಿಗಳನ್ನು ಒಡೆಯಿತು. ಕೊನೆಗೆ ಸೇವಕನೊಬ್ಬ ಜನರ ತಲೆಯ ಮೇಲಿಂದ ಗುಂಡು ಹಾರಿಸಿ ಅವರನ್ನು ಚದುರಿಸಬೇಕಾಯಿತು. ಆ ಮನೆಯೊಳಗೆ ಮೂರು ದಿನಗಳ ಹಿಂದೆ ತೀರಿಕೊಂಡಿದ್ದ ಅವನ ಹೆಂಡತಿ ಕ್ಯಾಥರೀನಳ ಶವವಿತ್ತು.

ವೆಲಿಂಗ್ಟನ್ನನ ರಾಜಕೀಯದ ಬಗ್ಗೆ ನನಗೆ ಯಾವ ಒಲವೂ ಇಲ್ಲ. ಹೊರಗೆ ನೆರೆದವರು ಕೇಳುತ್ತಿದ್ದ ಹಕ್ಕು ನ್ಯಾಯವಾದದ್ದು. ಆದರೂ ಆ ರಾತ್ರಿಯನ್ನು ಓದಿದ ಮೇಲೆ, ನಮ್ಮ ಕಾರ್ಯದರ್ಶಿಗಳು ಭಾವಚಿತ್ರವನ್ನು ಕಂಡು ಕೈಮುಗಿದು ಹೋದುದರ ಬೆಲೆ ನನಗೆ ಹೆಚ್ಚಾಗಿ ಕಂಡಿತು. ಕತ್ತಲೆಯ ಮನೆಯೊಳಗೆ ಏನಿದೆಯೆಂದು ಬೀದಿಗೆ ಗೊತ್ತಿರುವುದಿಲ್ಲ.

ಇದೇ ಬಗೆಯ ದೀಪಾಲಂಕಾರ ಆಳುವವರ ಜೊತೆಗೆ ಭಾರತಕ್ಕೂ ಬಂತು. 1887ರ ಫೆಬ್ರವರಿ 16ರಂದು ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ಉತ್ಸವ ಈ ದೇಶದಲ್ಲಿ ನಡೆದಾಗ, ಕಾರ್ತಿಕದ ಹಣತೆಗಳೇ ಮಾಘ–ಫಾಲ್ಗುಣಗಳಲ್ಲಿ ಸರ್ಕಾರಿ ಕಟ್ಟಡಗಳ ಅಂಚುಗಳಲ್ಲಿ ಉರಿದವು. 1947ರ ಆಗಸ್ಟ್ 15ರ ರಾತ್ರಿ ಮುಂಬಯಿ, ದಿಲ್ಲಿಗಳಲ್ಲಿ ಬೆಳಗಿದ ದೀಪಗಳಿಗೆ ಯಾರ ಒತ್ತಾಯವೂ ಬೇಕಿರಲಿಲ್ಲ. ಈಗ ಆಗಸ್ಟ್ ಬಂತೆಂದರೆ ಕಚೇರಿಯ ಕಟ್ಟಡದ ದೀಪಾಲಂಕಾರದ ಕಡತ ನನ್ನ ಮೇಜನ್ನೂ ದಾಟಿ ಹೋಗುತ್ತದೆ: ಎಷ್ಟು ಮೀಟರು, ಎಷ್ಟು ದಿನ, ಯಾವ ಶೀರ್ಷಿಕೆಯಡಿ ವೆಚ್ಚ. ಆ ಕಡತಕ್ಕೆ ಸಹಿ ಮಾಡುವಾಗ 1947ರ ರಾತ್ರಿ ನನ್ನ ನೆನಪಿಗೆ ಬಂದದ್ದು ಕಡಿಮೆ ಎಂದು ಒಪ್ಪಿಕೊಳ್ಳಬೇಕು.

ಎಣ್ಣೆ ಬತ್ತಿಗಳ ಕಾಲ ಮುಗಿದು ತಂತಿಯ ಕಾಲ ಬಂದಾಗ ಹೊರಗಿನ ದೀಪಕ್ಕೆ ಇನ್ನೊಬ್ಬ ಕೇಳುಗ ಸಿಕ್ಕಿದ: ಗಿರಾಕಿ. 1879ರ ಡಿಸೆಂಬರ್ 31ರ ರಾತ್ರಿ ಎಡಿಸನ್ ನ್ಯೂಜೆರ್ಸಿಯ ಮೆನ್ಲೋ ಪಾರ್ಕಿನಲ್ಲಿ ತನ್ನ ಪ್ರಯೋಗಾಲಯದಲ್ಲೂ ಸುತ್ತಲಿನ ಹಾದಿಯಲ್ಲೂ ವಿದ್ಯುದ್ದೀಪಗಳನ್ನು ಹೊತ್ತಿಸಿ ಜನರಿಗೆ ತೋರಿಸಿದ. ನೋಡಲು ಬರುವವರಿಗಾಗಿ ರೈಲು ಕಂಪನಿ ವಿಶೇಷ ಗಾಡಿಗಳನ್ನು ಓಡಿಸಿತು. ಮೂರು ವರ್ಷಗಳ ಬಳಿಕ, 1882ರ ಡಿಸೆಂಬರ್‌ನಲ್ಲಿ, ಅವನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಕ್ರಿಸ್ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಪುಟ್ಟ ಬಲ್ಬುಗಳನ್ನು ಕೈಯಿಂದಲೇ ತಂತಿ ಜೋಡಿಸಿ ತೂಗಿಸಿದ. ಮರ ತಿರುಗುತ್ತಲೂ ಇತ್ತು. ನೋಡಲು ಬಂದ ಡೆಟ್ರಾಯ್ಟ್ ಪತ್ರಿಕೆಯ ವರದಿಗಾರನ ಬರಹದಿಂದ ಅದು ಇತಿಹಾಸದಲ್ಲಿ ಉಳಿಯಿತು. 1903ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಸಿದ್ಧ ಸರಗಳನ್ನೇ ಮಾರುಕಟ್ಟೆಗೆ ತಂದಾಗ ಒಂದರ ಬೆಲೆ 12 ಡಾಲರ್, ಸಾಮಾನ್ಯ ಕಾರ್ಮಿಕನ ಸುಮಾರು ಒಂದು ವಾರದ ಕೂಲಿ.

ಆದರೆ ಇವೆಲ್ಲ ಮನೆಯ ಒಳಗಿನ ಬೆಳಕು. ಅದು ಹೊರಗೆ ಬರಲು ಇನ್ನೂ ಎರಡು ದಶಕ ಬೇಕಾಯಿತು. 1923ರ ಕ್ರಿಸ್ಮಸ್ ಮುನ್ನಾದಿನ ಅಧ್ಯಕ್ಷ ಕೂಲಿಜ್ ವಾಷಿಂಗ್ಟನ್ನಿನ ಬಯಲಿನಲ್ಲಿ ನಿಲ್ಲಿಸಿದ ಮರಕ್ಕೆ ಗುಂಡಿಯೊತ್ತಿ 2500 ಬಲ್ಬುಗಳನ್ನು ಬೆಳಗಿಸಿದರು. ಈ ಕಾರ್ಯಕ್ರಮದ ಹಿಂದೆ ವಿದ್ಯುತ್ ಉದ್ಯಮದ ಆಸಕ್ತಿಯಿತ್ತು. 1927ರ ಹೊತ್ತಿಗೆ ಮಳೆ ಹಿಮಗಳನ್ನು ತಡೆಯುವ ಹೊರಾಂಗಣ ಸರಗಳು ಅಂಗಡಿಗಳಿಗೆ ಬಂದವು. ವಿದ್ಯುತ್ತು ಧಾನ್ಯದಂತೆ ಕಣಜದಲ್ಲಿ ತುಂಬಿಡುವ ಸರಕಲ್ಲ. ಉತ್ಪಾದಿಸಿದ ಕೂಡಲೇ ಖರ್ಚಾಗಬೇಕು. ಆದ್ದರಿಂದ ಅಮೆರಿಕದ ಊರೂರುಗಳಲ್ಲಿ ವಿದ್ಯುತ್ ಕಂಪನಿಗಳು ಅತ್ಯುತ್ತಮವಾಗಿ ದೀಪ ತೂಗಿದ ಮನೆಗೆ ಬಹುಮಾನ ಕೊಡುವ ಸ್ಪರ್ಧೆಗಳನ್ನು ಬೆಂಬಲಿಸಿದವು. ನಮ್ಮ ಕಟ್ಟಡದ ಸ್ಪರ್ಧೆಗೆ ಹೀಗೊಂದು ಪೂರ್ವಜನಿದ್ದಾನೆಂದು ಕಾರ್ಯದರ್ಶಿಗಳಿಗೆ ಇನ್ನೂ ಹೇಳಿಲ್ಲ.

ನಮ್ಮಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ, 1905ರಲ್ಲಿ ಬೆಂಗಳೂರಿಗೂ ಬಂತು. ಮುಂಬಯಿಯಲ್ಲಿ ವಿದ್ಯುತ್ ಸರಬರಾಜು ನೆಲೆಗೊಂಡದ್ದೂ 1905ರಲ್ಲೇ. ಸುಮಾರು ಒಂದು ಲಕ್ಷ ಬಲ್ಬುಗಳಲ್ಲಿ ಹೊಳೆಯುವ ಮೈಸೂರು ಅರಮನೆ, ಕನ್ನಡಿಗರ ಪಾಲಿಗೆ ಹೊರಗಿನ ದೀಪದ ಪರಮ ಚಿತ್ರ. ಸಾಮಾನ್ಯರ ಮನೆಗೆ ಬಂದದ್ದು ಸೀರಿಯಲ್ ಸೆಟ್. ಇಂದಿನ ಮಕ್ಕಳಿಗೆ ಆ ಹೆಸರಿನ ಅರ್ಥ ತಿಳಿಯದು. ನಮ್ಮ ಗೋಡೆಯ ವಿದ್ಯುತ್ತು 230 ವೋಲ್ಟಿನದು. ಪುಟ್ಟ ಬಲ್ಬು ತಾಳುವುದು 6 ವೋಲ್ಟ್. ಹಾಗಾಗಿ 38 ಬಲ್ಬುಗಳನ್ನು ಒಂದರ ಹಿಂದೊಂದು ಸರಣಿಯಾಗಿ ಕಟ್ಟಿದರೆ ಒಟ್ಟು ಹೊರೆ ಎಲ್ಲಕ್ಕೂ ಹಂಚಿಹೋಗುತ್ತದೆ. ಒಂದು ಸುಟ್ಟರೆ ದಾರಿ ಕಡಿದು 38 ಕೂಡ ಆರುತ್ತವೆ. ತಂದೆಯವರು ದೀಪಾವಳಿಯ ಹಿಂದಿನ ಸಂಜೆ ಚಾವಡಿಯಲ್ಲಿ ಕುಳಿತು, ಕೈಯಲ್ಲಿ ಒಂದು ಒಳ್ಳೆಯ ಬಲ್ಬನ್ನು ಹಿಡಿದು, ಸರದ ಒಂದೊಂದೇ ಬಲ್ಬನ್ನು ಕಿತ್ತು ಅದರ ಜಾಗದಲ್ಲಿ ಇದನ್ನಿಟ್ಟು ನೋಡುತ್ತಿದ್ದರು. ಕೆಟ್ಟದ್ದರ ಸರದಿ ಬಂದಾಗ ಇಡೀ ಮಾಡು ಒಮ್ಮೆಲೇ ಬೆಳಗುತ್ತಿತ್ತು. ಇಂದಿನ ಎಲ್‌ಇಡಿ ಸರಗಳಲ್ಲಿ ಹುಡುಕುವ ಕೆಲಸವೇ ಇಲ್ಲ. ಕೆಟ್ಟರೆ ಎಸೆದು ಹೊಸದನ್ನು ತರುತ್ತೇವೆ.

ಹೊರಗಿನ ದೀಪ ಆಕಾಶಕ್ಕೆ ಕಾಣುತ್ತದೆ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದಲ್ಲಿ ಭಯವಾಗಿಯೂ ನಿಜವಾಯಿತು. 1971ರ ಡಿಸೆಂಬರ್ 3ರಿಂದ 16ರವರೆಗಿನ ಯುದ್ಧದ ದಿನಗಳಲ್ಲಿ ಮುಂಬಯಿ ದೀಪ ಆರಿಸಿ ಕುಳಿತಿತ್ತು. ಕಿಟಕಿಯ ಗಾಜಿಗೆ ಕಪ್ಪು ಕಾಗದ, ಮೋಟಾರಿನ ಮುಂದೀಪಕ್ಕೆ ಅರ್ಧ ಕಪ್ಪು ಬಣ್ಣ. ಸಂದಿನಲ್ಲಿ ಬೆಳಕು ಇಣುಕಿದರೆ ಕೆಳಗಿನಿಂದ ಸೀಟಿ. ನಮ್ಮ ಬಳಗದ ಹಿರಿಯರು ಅದನ್ನು ಈಗಲೂ ನೆನೆಯುತ್ತಾರೆ. ಪಿತೃಗಳಿಗೆ ದಾರಿ ತೋರುವ ಆಕಾಶದಿಂದಲೇ ವಿಮಾನವೂ ಬರಬಹುದಾಗಿತ್ತು.

ಕತ್ತಲೆಯನ್ನು ತಾವೇ ಆರಿಸಿಕೊಂಡವರೂ ಉಂಟು. 1979ರ ಡಿಸೆಂಬರ್‌ನಲ್ಲಿ ಟೆಹರಾನಿನಲ್ಲಿ ಐವತ್ತಕ್ಕೂ ಹೆಚ್ಚು ಅಮೆರಿಕನ್ನರು ಒತ್ತೆಯಾಳುಗಳಾಗಿದ್ದರು. ಕೂಲಿಜ್ ಆರಂಭಿಸಿದ ಅದೇ ರಾಷ್ಟ್ರೀಯ ಮರವನ್ನು ಬೆಳಗಿಸುವ ಹೊತ್ತಿನಲ್ಲಿ ಅಧ್ಯಕ್ಷ ಕಾರ್ಟರ್ ತುದಿಯ ಒಂದು ನಕ್ಷತ್ರವನ್ನು ಮಾತ್ರ ಹೊತ್ತಿಸಿ ಉಳಿದ ಮರವನ್ನು ಕತ್ತಲಲ್ಲೇ ಬಿಟ್ಟರು. ಅರ್ಧ ಶತಮಾನದ ಕಾಲ ಗಿರಾಕಿಯನ್ನು ಕರೆದಿದ್ದ ದೀಪ, ಆ ಒಂದು ಚಳಿಗಾಲದಲ್ಲಿ, ದೂರದಲ್ಲಿ ಸಿಕ್ಕಿಕೊಂಡವರನ್ನು ಮನೆಗೆ ಕರೆಯುತ್ತಿತ್ತು. ಇದನ್ನು ಓದಿದಾಗ ನನಗೆ ಕಾಶಿಯ ಬಿದಿರ ಗಳುಗಳು ಕಣ್ಣ ಮುಂದೆ ಬಂದವು.

ಅಮ್ಮನ ಪ್ರಶ್ನೆಗೆ ಇಷ್ಟು ದೂರ ಸುತ್ತಬೇಕಾಗಿರಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಅವರ ಬಳಿ ಕುಳಿತು, ‘ಹೋದವರಿಗೆ, ಅಲ್ಲವೇ?’ ಎಂದೆ.

‘ನಿನ್ನ ಅಜ್ಜ ಹೋದ ವರ್ಷವೂ ಗೂಡುದೀಪ ಇಟ್ಟಿದ್ದೆವು. ಹಬ್ಬ ಮಾಡಲಿಲ್ಲ, ದೀಪ ಬಿಡಲಿಲ್ಲ’ ಎಂದರು ಅಮ್ಮ. ‘ಹಬ್ಬ ನಮಗೆ. ದೀಪ ಅವರಿಗೆ. ಎರಡನ್ನೂ ಒಟ್ಟು ಮಾಡಿದವರು ನೀವು.’

ಹಾಗಾದರೆ ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. ನೀನು ಬೇಡವೆಂದು ನಿಶ್ಚಯಿಸಿದ್ದೆ, ಬೀದಿಯವರ ಬಾಯಿಗೆ ಹೆದರಿ ಹಚ್ಚುವುದು ಬೇಡವೆಂದು ಸುಮ್ಮನಿದ್ದೆ ಎಂದರು. ಎಲ್ಲ ಮನೆಗಳಲ್ಲೂ ಹೀಗೆಯೇ ಎಂದು ನಾನು ಹೇಳಲಾರೆ. ಕರ್ನಾಟಕದಲ್ಲೇ ಮನೆಯಿಂದ ಮನೆಗೆ ರೂಢಿ ಬೇರೆ. ದೀಪವಿಡದೆ ವರ್ಷ ಕಳೆಯುವವರ ಮೌನಕ್ಕೂ ಅಷ್ಟೇ ಅರ್ಥವಿದೆ. ನಮ್ಮ ಮನೆಯಲ್ಲಿ ಮರೆತುಹೋಗಿದ್ದ ಮಾತೊಂದು ಮರಳಿ ಬಂತು, ಅಷ್ಟೇ.

ಮರುದಿನ ಮಾಹಿಮ್‌ಗೆ ಹೋಗಿ, ಬಣ್ಣ ಹಚ್ಚದ ಬಿಳಿಯ ಕಾಗದದ ಕಂದೀಲು ಬೇಕೆಂದಾಗ ಅಂಗಡಿಯವನು ಅಂಥದ್ದಿಲ್ಲವೆಂದ. ಕೊನೆಗೆ ಕಾಗದ ಅಂಟಿಸದ ಬಿದಿರ ಚೌಕಟ್ಟೊಂದನ್ನು ಕೊಟ್ಟ. ಮನೆಯಲ್ಲಿ ಮೈದಾ ಅಂಟಿನಿಂದ ಬಿಳಿ ಕಾಗದ ಹಚ್ಚಿದೆವು. ಅಮ್ಮ ಹಣತೆಯೊಳಗೆ ಎಳ್ಳೆಣ್ಣೆ ಎರೆದರು. ಬಟ್ಟೆ ಒಣಗಿಸುವ ಹಗ್ಗದ ರಾಟೆಯೇ ಅದನ್ನು ಮೇಲೆತ್ತಲು ಸಾಕಾಯಿತು. ಸುತ್ತಲಿನ 31 ಬಾಲ್ಕನಿಗಳ ಬಣ್ಣದ ನಡುವೆ ಅದು ಕೆಳಗಿನಿಂದ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕ ಕಾರ್ಯದರ್ಶಿಗಳು ಸ್ಪರ್ಧೆಯ ಮಾತೆತ್ತಲಿಲ್ಲ. ಎಣ್ಣೆ ಎಷ್ಟು ಹೊತ್ತು ಬರುತ್ತದೆಂದು ಮಾತ್ರ ಕೇಳಿದರು.

ಹಬ್ಬ ಕಳೆದು ಒಂದೊಂದಾಗಿ ಸರಗಳು ಇಳಿದವು. ತುಳಸಿ ಮದುವೆಯ ಹೊತ್ತಿಗೆ ಹೆಚ್ಚಿನವು ಪೆಟ್ಟಿಗೆ ಸೇರಿದ್ದವು. ನಮ್ಮದು ಕಾರ್ತಿಕ ಮುಗಿಯುವವರೆಗೆ ಇತ್ತು. ಕಚೇರಿಯಿಂದ ತಡವಾಗಿ ಬರುವ ಸಂಜೆಗಳಲ್ಲಿ, ಗೇಟಿನ ತಿರುವಿನಲ್ಲಿ, ಯಾವ ಮಹಡಿ ನಮ್ಮದೆಂದು ನನಗೆ ದೂರದಿಂದಲೇ ತಿಳಿಯುತ್ತಿತ್ತು.